ಮೂರೂವರೆ ಶಿಲ್ಲಿಂಗಿನ ಹುಡುಗ



ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಏಳು ತಿಂಗಳು ನನಗೆ ಕೆಲಸ ಸಿಗಲಿಲ್ಲ. ಟಿಬೆಟನ್ ಕಾಲೊನಿಯಿಂದ ಈ ಶಾಲೆಗೆ ಬರುತ್ತಿದ್ದ ಸಹಪಾಠಿ ತನ್ನ ಕೋಣೆಯಲ್ಲಿ ಜಾಗ ಕೊಟ್ಟ. ವಿಲಿಯಂ ಶಾ ಲಿಂಡ್ಸೆಯ ಕಥೆ ಓದಿದ್ದು ಅಲ್ಲಿಯೇ.

ಸ್ಕಾಟ್‌ಲೆಂಡಿನ ಏರ್ ಊರಿನ ಅನಾಥ ಹುಡುಗ. 1831ರಲ್ಲಿ ಮೂರೂವರೆ ಶಿಲ್ಲಿಂಗ್ ಹಿಡಿದು ಮನೆ ಬಿಟ್ಟ. ಕಲ್ಲಿದ್ದಲ ಹಡಗಿನಲ್ಲಿ ದುಡಿಯುತ್ತಲೇ ಲಿವರ್‌ಪೂಲ್ ಮುಟ್ಟಿದ. ಏಳು ವಾರ ಕೆಲಸವಿಲ್ಲ. ಬೇಡಿ ತಿಂದ, ಬೀದಿಯಲ್ಲಿ ಮಲಗಿದ. ಕೊನೆಗೆ ಹಡಗಿನಲ್ಲಿ ಚಾಕರಿ ಸಿಕ್ಕಿತು. ಐದೇ ವರ್ಷಕ್ಕೆ ಕಪ್ತಾನ! ಮುಂದೆ ಲಂಡನ್ನಿನಲ್ಲಿ ಹಡಗುಗಳ ಮಾಲೀಕ, 1854ರಲ್ಲಿ ಪಾರ್ಲಿಮೆಂಟ್ ಸದಸ್ಯ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಲಿಂಡ್ಸೆ ಪಾರ್ಲಿಮೆಂಟಿನಲ್ಲಿ ವಾದಿಸಿದ್ದು ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳ ಪರ. ಬೀದಿಯಲ್ಲಿ ಮಲಗಿದ್ದವನಿಗೆ ಗುಲಾಮರ ಪಾಡು ಕಾಣಲಿಲ್ಲವೇ? ಈ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅದೇ ಬರದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಭಾರಿ ಬೆಲೆ ಬಂತು. ಚಕ್ಕಡಿಗಳು ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದವು. ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕುಮಟಾ’. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಸಾಗಣೆಯ ಲೆಕ್ಕವಿತ್ತು.

ನನ್ನ ಗೆಳೆಯನ ಅಜ್ಜ ನಾಡು ಬಿಟ್ಟು ಬಂದವರು. 1966ರಲ್ಲಿ ಆರಂಭವಾದ ಈ ಕಾಲೊನಿಯಲ್ಲಿ ಕಾಡು ಕಡಿದು ಜೋಳ ಬೆಳೆದವರು. ಗೆಳೆಯ ಏಳು ತಿಂಗಳೂ ಬಾಡಿಗೆ ಕೇಳಲಿಲ್ಲ.

ಈಗ ಬೆಂಗಳೂರಿನ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಕೆಲಸ ಹುಡುಕಿಕೊಂಡು ಬರುವ ಈ ಶಾಲೆಯ ಮಕ್ಕಳು ಗುರುಗಳ ಹತ್ತಿರ ನನ್ನ ನಂಬರ್ ಕೇಳಿ. ಸಂಕೋಚ ಬೇಡ.