ಬೋರ್ಡು ಮಾತನಾಡಿತು, ಕೇಳಿಸಿತೇ?



ಎಂಬತ್ತು, ತೊಂಬತ್ತು – ಈ ಎರಡು ಪದಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮೊದಲಕ್ಷರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಆ ಒಂದು ಅಕ್ಷರ ನುಂಗಿಹೋದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ವಿಜ್ಞಾನ ಪ್ರದರ್ಶನವೊಂದರ ಚಿತ್ರೀಕರಣಕ್ಕೆ ಹೋಗಿದ್ದೆವು. ಪಿಯುಸಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು ಅಂಧ ಮಕ್ಕಳಿಗಾಗಿ ಮಾತನಾಡುವ ಉಷ್ಣತಾಮಾಪಕ ಮಾಡಿದ್ದರು. ಆರ್ಡುಯಿನೊ ಊನೊ ಬೋರ್ಡು, ಎಲ್‌ಎಂ 386 ಎಂಬ ಚಿಕ್ಕ ಆಂಪ್ಲಿಫೈಯರ್, 8 ಓಮ್‌ನ ಸ್ಪೀಕರ್, ಅಷ್ಟೇ ಸಾಮಾನು. ಬೀಕರಿನಲ್ಲಿದ್ದ ನೀರು 90 ಡಿಗ್ರಿ ಇತ್ತು. ಪೆಟ್ಟಿಗೆ ಅದನ್ನು ಹೇಳಿತು. ಕಣ್ಣು ಕಾಣದ ಹುಡುಗ ಕೇಳಿಸಿಕೊಂಡು, "ಎಂಬತ್ತು" ಎಂದ. ಮತ್ತೊಮ್ಮೆ ಹೇಳಿಸಿದರೂ ಎಂಬತ್ತೇ. ಬಿಸಿನೀರಿನ ವಿಷಯದಲ್ಲಿ ಇದು ನಗುವ ಮಾತಲ್ಲ.

"ಸೌಂಡ್ ಏರಿಸಿ" ಎಂದವನು ನಾನೇ. ಭೌತಶಾಸ್ತ್ರದಲ್ಲಿ ಪದವಿ ಪಡೆದವನು! ಹುಡುಗಿಯರು ಎಲ್‌ಎಂ 386ರ ಒಂದನೇ ಮತ್ತು ಎಂಟನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದರು. ಇದರಿಂದ 20 ಪಟ್ಟು ಇದ್ದ ವರ್ಧನೆ 200 ಪಟ್ಟಾಗುತ್ತದೆ. ಪೆಟ್ಟಿಗೆ ಕಿರುಚಿತು. ಹುಡುಗ ಕಿವಿ ಮುಚ್ಚಿಕೊಂಡು, "ಅಕ್ಕಾ, ಈಗ ಏನೂ ಗೊತ್ತಾಗ್ತಿಲ್ಲ" ಎಂದ.

ನಮ್ಮ ತಂಡದ ಧ್ವನಿಮುದ್ರಣಕಾರರು ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತು ಕಡಿಮೆ. "ಮೊದಲು ಮೌನ ಕೇಳಿಸ್ರಮ್ಮ" ಎಂದರು. ಅಂದರೆ, ಯಾವ ಮಾತೂ ಇಲ್ಲದ ಧ್ವನಿ ಕಡತವನ್ನು ನುಡಿಸಬೇಕು. ನುಡಿಸಿದರು. ಸ್ಪೀಕರಿನಿಂದ 'ಟಪ್' ಎಂಬ ದೊಡ್ಡ ಸದ್ದು ಬಂತು. ಕಳ್ಳ ಸಿಕ್ಕಿಬಿದ್ದ.

ಆ 'ಟಪ್' ಎಲ್ಲಿಂದ ಬಂತು ನೋಡಿ. ಆ ಊನೊ ಬೋರ್ಡಿನಲ್ಲಿ ನಿಜವಾದ ಧ್ವನಿ ಹೊರದಾರಿ ಇರಲಿಲ್ಲ. ಅದರ ಕಾಲು 0 ಅಥವಾ 5 ವೋಲ್ಟ್ ಮಾತ್ರ ಕೊಡಬಲ್ಲದು. ಆದ್ದರಿಂದ ಸೆಕೆಂಡಿಗೆ 62,500 ಬಾರಿ ಮಿಡಿಯುವಂತೆ ಮಾಡಿ, ಮಿಡಿತದ ಅಗಲವನ್ನು 256 ಹಂತಗಳಲ್ಲಿ ಹೆಚ್ಚು ಕಡಿಮೆ ಮಾಡುತ್ತಾರೆ. ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿ ಈ ಮಿಡಿತವನ್ನು ನಯಗೊಳಿಸುತ್ತವೆ. 1 ಕಿಲೋಓಮ್, 47 ನ್ಯಾನೋಫ್ಯಾರಡ್ ಹಾಕಿದರೆ ಸುಮಾರು 3,400 ಹರ್ಟ್ಸ್‌ವರೆಗಿನ ಧ್ವನಿ ಚೆನ್ನಾಗಿ ದಾಟುತ್ತದೆ. ಮಾತಿಗೆ ಇದು ಹೇಗೋ ಸಾಕು, ಸಂಗೀತಕ್ಕೆ ಸಾಲದು.

ಈ ವ್ಯವಸ್ಥೆಯಲ್ಲಿ ಮೌನವೆಂದರೆ 0 ವೋಲ್ಟ್ ಅಲ್ಲ, ನಡುಮಟ್ಟದ ಎರಡೂವರೆ ವೋಲ್ಟ್. ಹುಡುಗಿಯರ ಪ್ರೋಗ್ರಾಂ ಮಾತು ಮುಗಿದೊಡನೆ ಕಾಲನ್ನು 0ಗೆ ಇಳಿಸುತ್ತಿತ್ತು. ಮುಂದಿನ ಪದ ಶುರುವಾಗುವಾಗ ಅದು ಒಮ್ಮೆಲೇ ನಡುಮಟ್ಟಕ್ಕೆ ಜಿಗಿಯುತ್ತಿತ್ತು. ಆ ಜಿಗಿತ ಆಂಪ್ಲಿಫೈಯರಿಗೆ ತಲುಪುವ ದಾರಿಯಲ್ಲಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್‌ನ ವಾಲ್ಯೂಮ್ ಗುಂಡಿ ಇದ್ದವು. ಇವೆರಡನ್ನು ಗುಣಿಸಿದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಎರಡೂವರೆ ವೋಲ್ಟ್ ಇಳಿದು 0.1 ವೋಲ್ಟ್ ಆಗಲು ಇಂಥ ಮೂರಕ್ಕೂ ಹೆಚ್ಚು ಅವಧಿ ಬೇಕು. ಅಲ್ಲಿಯವರೆಗೆ, ಅಂದರೆ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ, ಆಂಪ್ಲಿಫೈಯರ್ ಒಂದು ತುದಿಗೆ ಅಂಟಿಕೊಂಡಿರುತ್ತದೆ. ಜೋರಾದ ಸ್ವರ ಹೇಗೋ ನುಗ್ಗಿ ಬರುತ್ತದೆ, ಮೆಲ್ಲಗಿನ 'ತ' ಅಲ್ಲೇ ಮುಳುಗುತ್ತದೆ. ವರ್ಧನೆ 200 ಪಟ್ಟಾದಾಗ ಅಂಟಿಕೊಳ್ಳುವ ಕಾಲವೂ ಅರ್ಧ ಸೆಕೆಂಡು ದಾಟಿತು! ನನ್ನ ಸಲಹೆಯ ಫಲ.

ಪರಿಹಾರಕ್ಕೆ ಕಾಸೂ ಖರ್ಚಾಗಲಿಲ್ಲ. ಬೋರ್ಡು ಚಾಲೂ ಆದಾಗಿನಿಂದ ಕಾಲನ್ನು ನಡುಮಟ್ಟದಲ್ಲೇ ಇಟ್ಟರು. ಹೆಚ್ಚುವರಿ ಕೆಪಾಸಿಟರನ್ನು ಕಿತ್ತರು. ವಾಲ್ಯೂಮ್ ಗುಂಡಿಯನ್ನು ಬಹಳಷ್ಟು ಇಳಿಸಿದರು. 5 ವೋಲ್ಟಿನಲ್ಲಿ ನಡೆಯುವ ಆಂಪ್ಲಿಫೈಯರ್ 20 ಪಟ್ಟು ವರ್ಧಿಸುವುದಾದರೆ, ತುದಿಯಿಂದ ತುದಿಗೆ 0.2 ವೋಲ್ಟ್ ಬಂದರೇ ಅದರ ಹೊಟ್ಟೆ ತುಂಬುತ್ತದೆ. ಪ್ರೋಗ್ರಾಮಿನಲ್ಲೇ ಧ್ವನಿ ತಗ್ಗಿಸಬಹುದಲ್ಲ ಎಂದು ನೀವು ಕೇಳಬಹುದು. ಬೇಡ. ಹಾಗೆ ಮಾಡಿದರೆ ಇರುವ 256 ಹಂತಗಳಲ್ಲಿ ಕೆಲವೇ ಹಂತಗಳು ಬಳಕೆಯಾಗಿ ಧ್ವನಿ ಗೊರಗೊರ ಎನ್ನುತ್ತದೆ.

ಬೇರೆ ಬೋರ್ಡುಗಳ ಕಥೆಯೂ ತೀರ ಭಿನ್ನವಲ್ಲ. 2012ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈನ ಹೆಡ್‌ಫೋನ್ ಕಿಂಡಿಯೂ ಮಿಡಿತದ ಧ್ವನಿಯದೇ. 2023ರ ರಾಸ್ಪ್‌ಬೆರಿ ಪೈ 5ರಲ್ಲಿ ಆ ಕಿಂಡಿಯನ್ನೇ ತೆಗೆದರು. ಒಳ್ಳೆಯ ಧ್ವನಿ ಬೇಕಿದ್ದರೆ ಫಿಲಿಪ್ಸ್ ಕಂಪನಿ 1986ರಲ್ಲಿ ರೂಪಿಸಿದ ಐ2ಎಸ್ ಎಂಬ ತಂತಿಸಾಲಿನ ಮೂಲಕ ಅಂಕಿಗಳನ್ನೇ ಹೊರಗಿನ ಚಿಪ್ಪಿಗೆ ಕಳಿಸಬಹುದು. ಮ್ಯಾಕ್ಸ್ 98357ಎ ಅಂಥದ್ದು, ಆಂಪ್ಲಿಫೈಯರ್ ಕೂಡ ಅದರೊಳಗೇ ಇದೆ. ಅದರ ಸ್ಪೀಕರ್ ತಂತಿಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಜೋಡಿಸಬೇಡಿ. 4 ಓಮ್ ಸ್ಪೀಕರಿಗೆ 3.2 ವ್ಯಾಟ್ ಎಂದು ಬರೆದಿರುವುದನ್ನು ಓದಿ ಹಿಗ್ಗಲೂಬೇಡಿ. ಅದು ಶೇಕಡಾ 10ರಷ್ಟು ವಿರೂಪವನ್ನು ಒಪ್ಪಿಕೊಂಡು ಅಳೆದ ಲೆಕ್ಕ.

ನಿಮ್ಮ ಬೋರ್ಡನ್ನು ಪರೀಕ್ಷಿಸುವಾಗ ಮೊದಲು ಮೌನ ಕೇಳಿ. ಗುಂಯ್‌ಗುಟ್ಟುತ್ತಿದ್ದರೆ ಚಾರ್ಜರ್ ತೆಗೆದು ಬ್ಯಾಟರಿ ಹಾಕಿ ನೋಡಿ. ನಿಂತರೆ ತಪ್ಪು ಚಾರ್ಜರಿನ ದಾರಿಯದು. ಆಮೇಲೆ 1,000 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ, ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಸ್ವರ ಒರಟಾಗುವ ಜಾಗಕ್ಕೆ ಗುಂಡಿಯ ಮೇಲೆ ಗುರುತು ಹಾಕಿ. ಕೊನೆಗೆ ಮಾತು. ಕೇಳುವವರಿಗೆ ಪಟ್ಟಿ ಗೊತ್ತಿರಕೂಡದು; ನೀವೇ ಮಾಡಿ ನೀವೇ ಕೇಳಿದರೆ ಎಲ್ಲವೂ ಸ್ಪಷ್ಟವೇ!

ಅಂದು ಆ ಹುಡುಗನಿಗೆ ಇಪ್ಪತ್ತು ಸಂಖ್ಯೆಗಳನ್ನು ಹಿಂದುಮುಂದಾಗಿ ಕೇಳಿಸಿದರು. ಅವನು ಬ್ರೈಲ್‌ನಲ್ಲಿ ಚುಚ್ಚುತ್ತಾ ಹೋದ. ಎಂಬತ್ತು ತೊಂಬತ್ತು ಎರಡೂ ಸರಿಯಾಗಿದ್ದವು. ಒಂದು ಮಾತ್ರ ತಪ್ಪಿತು. "ಅದು ಪೆಟ್ಟಿಗೆದಲ್ಲ ಅಕ್ಕಾ, ನೀನೇ ಹಂಗೆ ಹೇಳಿದೀಯ" ಎಂದ. ಹುಡುಗಿಯರು ಆ ಪದವನ್ನು ಮತ್ತೆ ಧ್ವನಿಮುದ್ರಿಸಲು ಕುಳಿತರು, ನಾವು ಕ್ಯಾಮೆರಾ ಕಟ್ಟಿಟ್ಟೆವು.