ಗುರುತಿಸುವ ಕಲಿಕೆ: ವಿಕಲಚೇತನ ಮಕ್ಕಳ ವಿಷಯದಲ್ಲಿ ನಮ್ಮ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಾನು ಎಂಜಿನಿಯರಿಂಗ್ ಓದಿ ಈ ಸೇವೆಗೆ ಬಂದವನು. ವಿಕಲಚೇತನ ಮಕ್ಕಳೆಂದೊಡನೆ ನನಗೆ ಮೊದಲು ನೆನಪಾಗುತ್ತಿದ್ದುದು ರ‍್ಯಾಂಪ್. ಶಾಲೆಯೊಂದರಲ್ಲಿ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದಂತೆ ಇಳಿಜಾರನ್ನು ಅಳೆದು ಕಟ್ಟಿಸಿ, ನನ್ನ ಕೆಲಸ ಮುಗಿಯಿತೆಂದು ಕಡತ ಮುಚ್ಚಿದ್ದೆ. ಆ ಶಾಲೆಗೆ ಬರುತ್ತಿದ್ದ, ಬೌದ್ಧಿಕ ವೈಕಲ್ಯವುಳ್ಳ ಬಾಲಕಿಯೊಬ್ಬಳ ತಾಯಿ ಒಂದು ದಿನ ಹೇಳಿದರು: “ಅಕ್ಷರ ಹಿಂದಾಗಡೆ ಕಲೀಲ್ರಿ ಸಾಹೇಬ್ರ. ಎಣ್ಣಿ ಬಾಟ್ಲಿ ಯಾವುದು, ನೀರಿನ ಬಾಟ್ಲಿ ಯಾವುದು, ಅಷ್ಟು ತಿಳಿದ್ರ ನಾ ನಿಶ್ಚಿಂತಿ ಹೊಲಕ್ಕ ಹೋಗ್ತೀನ್ರಿ.”

ಬೆಳೆಗೆ ಹೊಡೆಯುವ ಎಣ್ಣೆ ನಮ್ಮ ಭಾಗದ ಎಷ್ಟು ಮನೆಗಳಲ್ಲಿ ತಂಪು ಪಾನೀಯದ ಬಾಟಲಿಯಲ್ಲಿರುತ್ತದೆ ಎಂಬುದನ್ನು ತಾವೆಲ್ಲರೂ ಬಲ್ಲಿರಿ. ಒಂದನ್ನು ಮತ್ತೊಂದರಿಂದ ಬೇರೆಯೆಂದು ಗುರುತಿಸುವುದು ಪ್ರಾಣದ ಪ್ರಶ್ನೆಯೂ ಹೌದೆಂಬುದು ನನಗೆ ಅಂದು ಅರಿವಾಯಿತು.

ಕಾಣುವುದು ಬೇರೆ, ಗುರುತಿಸುವುದು ಬೇರೆ. ಎರಡೂ ಬಾಟಲಿಗಳು ಮಗುವಿನ ಕಣ್ಣಿಗೆ ಬೀಳುತ್ತವೆ. ಆದರೆ ಬಣ್ಣ, ಎತ್ತರ, ಮುಚ್ಚಳ, ಚೀಟಿ ಇವುಗಳಲ್ಲಿ ಯಾವುದನ್ನು ಲಕ್ಷಿಸಬೇಕೆಂಬುದನ್ನು ಮಗು ಕಲಿಯಬೇಕಾಗುತ್ತದೆ. ಹೆಚ್ಚಿನ ಮಕ್ಕಳು ತಪ್ಪುತ್ತಾ ತಿದ್ದಿಕೊಳ್ಳುತ್ತಾರೆ. ಕೆಲವು ಮಕ್ಕಳಿಗೆ ಮೇಲಿಂದ ಮೇಲೆ ತಪ್ಪುವುದೇ ರೂಢಿಯಾಗಿಬಿಡುತ್ತದೆ.

ಈ ವಿಷಯದಲ್ಲಿ ಅಮೆರಿಕೆಯ ಸಿಡ್‌ಮನ್ ಮತ್ತು ಸ್ಟೊಡಾರ್ಡ್ ಎಂಬ ಸಂಶೋಧಕರು 1967ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂದಿಗೂ ಬೆಳಕು ನೀಡುತ್ತದೆ. ಬೌದ್ಧಿಕ ವೈಕಲ್ಯವುಳ್ಳ ಮಕ್ಕಳು ವೃತ್ತವನ್ನು ಅಂಡಾಕಾರದಿಂದ ಬೇರ್ಪಡಿಸಿ ಗುರುತಿಸಬೇಕಿತ್ತು. ಒಂದು ಗುಂಪಿಗೆ ಮೊದಲು ವೃತ್ತವಿದ್ದ ಗುಂಡಿಯನ್ನಷ್ಟೇ ಬೆಳಗಿಸಿ, ಉಳಿದವನ್ನು ಕತ್ತಲಲ್ಲಿರಿಸಿದರು. ಬಳಿಕ ಅವನ್ನೂ ಮೆಲ್ಲಮೆಲ್ಲನೆ ಬೆಳಗಿಸಿ, ಕೊನೆಗೆ ಅಂಡಾಕಾರಗಳನ್ನು ಮಸುಕಾಗಿ ಮೂಡಿಸಿ ಸ್ಪಷ್ಟಗೊಳಿಸುತ್ತ ಹೋದರು. ಈ ಗುಂಪಿನ 10 ಮಕ್ಕಳಲ್ಲಿ 7 ಮಂದಿ ಕಲಿತರು. ಇಂತಹ ಮೆಟ್ಟಿಲುಗಳಿಲ್ಲದೆ, ಸರಿಯುತ್ತರಕ್ಕೆ ಬಹುಮಾನವನ್ನಷ್ಟೇ ಪಡೆದ 9 ಮಕ್ಕಳಲ್ಲಿ ಕಲಿತದ್ದು ಒಬ್ಬರೇ. ಕಲಿಸುವ ಕ್ರಮ ಬದಲಾದಾಗ ಫಲವೂ ಬದಲಾಯಿತು. ಮೆಟ್ಟಿಲುಗಳಿದ್ದಲ್ಲಿ ರ‍್ಯಾಂಪ್ ಬೇಕೆನ್ನುವ ನಾವು, ಕಲಿಕೆಗೂ ಇಂತಹ ಇಳಿಜಾರು ಬೇಕೆಂಬುದನ್ನು ಮರೆಯಬಾರದು.

ಇದನ್ನು ನಮ್ಮ ಅಕ್ಷರಗಳಿಗೆ ಅನ್ವಯಿಸಿ ನೋಡೋಣ. ‘ದ’ ಮತ್ತು ‘ಧ’ಗಳಿಗಿರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೆರೆ. ಆ ಗೆರೆಯನ್ನು ಮಾತ್ರ ಮೊದಲು ದಪ್ಪವಾಗಿ, ಕೆಂಪಾಗಿ ಬರೆದು, ದಿನ ಕಳೆದಂತೆ ತೆಳುಗೊಳಿಸುತ್ತ ಕಪ್ಪಿಗೆ ತರಬೇಕು. ಇಡೀ ಅಕ್ಷರಕ್ಕೆ ಬಣ್ಣ ಬಳಿದರೆ ಮಗು ಬಣ್ಣವನ್ನೇ ಕಲಿಯುತ್ತದೆ, ಅಕ್ಷರವನ್ನಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಹಲವರು ಬೆಳಕು, ಶಬ್ದ, ಸ್ಪರ್ಶಗಳು ಒಟ್ಟಿಗೆ ಬಂದಾಗ ಒಂದಕ್ಕೆ ಮಾತ್ರ ಸ್ಪಂದಿಸಿದ್ದನ್ನು ಲೋವಾಸ್ ಮತ್ತು ಸಂಗಡಿಗರು 1971ರಲ್ಲಿ ತೋರಿಸಿದರು. ಶಾಲೆಯ ಗೋಡೆಯನ್ನು ಚಿತ್ರಗಳಿಂದ ಕಿಕ್ಕಿರಿಸುವ ಮುನ್ನ ನಾವು ಇದನ್ನು ನೆನೆಯಬೇಕು.

ವೈಕಲ್ಯ ಬೇರೆಯಾದಂತೆ ದಾರಿಯೂ ಬೇರೆ. ಶ್ರವಣದೋಷವುಳ್ಳ ಮಗುವಿಗೆ ‘ಪ’, ‘ಬ’, ‘ಮ’ಗಳು ತುಟಿಯ ಮೇಲೆ ಒಂದೇ ತೆರನಾಗಿ ಕಾಣುತ್ತವೆ. ‘ಮ’ ಎನ್ನುವಾಗ ಮೂಗಿನ ಮೇಲೆ, ‘ಬ’ ಎನ್ನುವಾಗ ಗಂಟಲಿನ ಮೇಲೆ ಬೆರಳಿರಿಸಿದರೆ ಕಂಪನದಿಂದ ಭೇದ ತಿಳಿಯುತ್ತದೆ. ದೃಷ್ಟಿದೋಷವುಳ್ಳ ಮಗುವಿಗೆ ಬೆರಳ ತುದಿಯೇ ಕಣ್ಣು; ಒರಟು-ನುಣುಪುಗಳಿಂದ ಆರಂಭಿಸಿ ಬ್ರೈಲ್ ಚುಕ್ಕೆಗಳಿಗೆ ಸಾಗಬೇಕು.

ಇದರಲ್ಲಿ ಪಂಚಾಯಿತಿಯ ಪಾತ್ರವೇನು? ಕಲಿಸುವವರು ಶಿಕ್ಷಕರು ಮತ್ತು ತಜ್ಞರು. ಮಗುವನ್ನು ಅವರಿಗೆ ತಲುಪಿಸುವವರು ನಾವು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಆದುದರಿಂದ ನಾಲ್ಕು ಕಾರ್ಯಗಳನ್ನು ತಮ್ಮ ಮುಂದಿಡುತ್ತೇನೆ.

1. ‘ಏನೂ ತಿಳಿಯದ ಮಗು’ ಎಂದು ತೀರ್ಮಾನಿಸುವ ಮೊದಲು ಕಣ್ಣು, ಕಿವಿಗಳ ತಪಾಸಣೆಯಾಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬರುವ ದಿನ ಯಾವ ಮಗುವೂ ಮನೆಯಲ್ಲಿ ಉಳಿಯದಿರಲಿ. ಹೆಚ್ಚಿನ ಪರೀಕ್ಷೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮತ್ತು ಧಾರವಾಡದ ಡಿಮ್ಹಾನ್ಸ್ ನಮ್ಮ ಸಮೀಪದಲ್ಲೇ ಇವೆ.

2. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಮನೆಯಲ್ಲೇ ಉಳಿದ ಮಕ್ಕಳ ಪಟ್ಟಿಯನ್ನು ಸಿದ್ಧಪಡಿಸಿ, ತಾಲ್ಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ತಲುಪಿಸೋಣ.

3. ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನದ ಕ್ರಿಯಾಯೋಜನೆಯನ್ನು ಚರ್ಚಿಸುವಾಗ ತ್ರಿಚಕ್ರ ವಾಹನದ ಜೊತೆಗೆ ಕಲಿಕಾ ಸಾಮಗ್ರಿಯ ಮಾತನ್ನೂ ಎತ್ತೋಣ.

4. ಮಕ್ಕಳ ಗ್ರಾಮಸಭೆಯಲ್ಲಿ ಈ ಮಕ್ಕಳಿಗೂ ಆಸನವಿರಲಿ, ಮಾತಿಗೆ ಅವಕಾಶವಿರಲಿ.

ಮೊದಲು ಹೇಳಿದ ಆ ಮನೆಯಲ್ಲಿ ಮೊದಲ ಕೆಲಸವಾಗಿ ಎಣ್ಣೆಯನ್ನು ಬೀಗವಿರುವ ಪೆಟ್ಟಿಗೆಗೆ ಸೇರಿಸಲಾಯಿತು. ಕಲಿಕೆ ಎಂದಿಗೂ ಬೀಗಕ್ಕೆ ಬದಲಿಯಲ್ಲ. ನಂತರ ಶಿಕ್ಷಕಿಯ ಸಲಹೆಯಂತೆ, ನೀರೆಂದರೆ ಹೊಳೆಯುವ ಸ್ಟೀಲ್ ತಂಬಿಗೆಯದು ಮಾತ್ರವೆಂದು ಬಾಲಕಿಗೆ ಕಲಿಸತೊಡಗಿದರು. ಮೊದಲು ತಂಬಿಗೆಯೊಂದೇ, ಬಳಿಕ ದೂರದಲ್ಲಿ ತೊಳೆದ ಖಾಲಿ ಬಾಟಲಿಯೊಂದು, ಆಮೇಲೆ ಅದು ಸ್ವಲ್ಪ ಹತ್ತಿರ. ಕೆಲವು ತಿಂಗಳ ನಂತರ ನಾನು ಹೋದಾಗ ಅವಳು ಎರಡನ್ನೂ ನೋಡಿ, ತಂಬಿಗೆಯನ್ನೇ ಎತ್ತಿ ನನಗೆ ನೀರು ಕೊಟ್ಟಳು.

ನಾನು ಮುಚ್ಚಿದ್ದ ಆ ಕಡತ ನಿಜವಾಗಿ ಮುಗಿದಿರಲಿಲ್ಲ. ತಮ್ಮ ತಮ್ಮ ಪಂಚಾಯಿತಿಗಳಲ್ಲಿಯೂ ಇಂತಹ ಕಡತಗಳನ್ನು ಮತ್ತೊಮ್ಮೆ ತೆರೆದು ನೋಡಬೇಕೆಂದು ವಿನಂತಿಸಿ, ನನ್ನ ಮಾತಿಗೆ ವಿರಾಮ ನೀಡುತ್ತೇನೆ.