ಒಲೆಗೆ ಒಲಿಯುವ ಕೋಕ್

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಅದಿರನ್ನು ಕರಗಿಸಲು ನೆರವಾಗುವ ಕೋಕ್, ಅದೇ ಬಳ್ಳಾರಿ ಜಿಲ್ಲೆಯ ಮೋಕದ ಮನೆಯೊಲೆಯಲ್ಲಿ ಸುಲಭವಾಗಿ ಹೊತ್ತಿಕೊಳ್ಳದು. ಹತ್ತಿಕಟ್ಟಿಗೆಗೆ ಕಿಡಿ ಸಾಕು. ಇದಕ್ಕೆ ಓಲೈಕೆ ಬೇಕು. ಕಲ್ಲಿದ್ದಲನ್ನು ಗಾಳಿಯಿಲ್ಲದ ಗೂಡಿನಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ, ಹೊಗೆಯ ಮೂಲದೊಡನೆ ಬೇಗ ಉರಿಯುವ ಅನಿಲಾಂಶವೂ ಹೊರಟುಹೋಗಿರುತ್ತದೆ.

ಅದನ್ನು ಮನೆಬಳಕೆಗೆ ಪಳಗಿಸುವ ದಾರಿಗಳು ಎರಡು. 600–700 ಡಿಗ್ರಿಯಲ್ಲೇ ನಿಲ್ಲಿಸಿದರೆ ಅನಿಲಾಂಶ ತುಸು ಉಳಿದು ಕೋಕ್ ಬೇಗ ಹೊತ್ತುತ್ತದೆ. ಬಂಗಾಳ, ಬಿಹಾರಗಳ ಅಡುಗೆಮನೆಗಳಲ್ಲಿ ಬಹುಕಾಲ ಉರಿದ ಮೆದು ಕೋಕ್ ಅನಿಲಾಂಶ ಉಳಿಸಿಕೊಂಡ ಈ ಬಗೆಯದೇ. ಇಲ್ಲವೇ ಗಟ್ಟಿ ಕೋಕಿಗೆ ಬಟ್ಟೆ ಸೋಡಾದ, ಎಂದರೆ ಸೋಡಿಯಂ ಕಾರ್ಬೋನೇಟಿನ, ದ್ರಾವಣವನ್ನು ಉಣಿಸಬಹುದು. ಈ ಕ್ಷಾರ ಕೋಕಿನ ಶಾಖವನ್ನು ಹೆಚ್ಚಿಸುವುದಿಲ್ಲ. ಇಂಗಾಲವು ಅನಿಲಗಳೊಡನೆ ವರ್ತಿಸುವ ವೇಗವನ್ನು ಹೆಚ್ಚಿಸುತ್ತದೆ, ಅಷ್ಟೆ.

ಆದರೆ ಹೊಗೆಯಿಲ್ಲವೆಂದ ಮಾತ್ರಕ್ಕೆ ವಿಷವಿಲ್ಲವೆಂದಲ್ಲ. ಕೆಂಡದ ರಾಶಿಯೊಳಗೆ ಇಂಗಾಲದ ಡೈಆಕ್ಸೈಡು ಮತ್ತೆ ಇಂಗಾಲವನ್ನು ಕೂಡಿ ಕಾರ್ಬನ್ ಮಾನಾಕ್ಸೈಡಾಗುತ್ತದೆ; ಕ್ಷಾರವು ಚುರುಕುಗೊಳಿಸುವುದು ಈ ಕ್ರಿಯೆಯನ್ನೂ ಹೌದು. ಹೊಗೆ ಕಣ್ಣುರಿಸಿಯಾದರೂ ಎಚ್ಚರಿಸೀತು. ಬಣ್ಣ, ವಾಸನೆಗಳಿಲ್ಲದ ಈ ಅನಿಲ ಮುಚ್ಚಿದ ಕೋಣೆಯಲ್ಲಿ ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲುದು. ಆದ್ದರಿಂದ ಇಂಧನವನ್ನು ಎಷ್ಟೇ ಸಂಸ್ಕರಿಸಿದರೂ ಹೊಗೆಗೂಡು ಬೇಕು; ಮಣ್ಣಿನ ಮಾಳಿಗೆಯ ಬೆಳಕಿಂಡಿ ತೆರೆದೇ ಇರಬೇಕು.